ಆಲಮಟ್ಟಿ ಮಟ್ಟ ಮೈನಸ್ 135.76 ಮೀಟರ್: ಮೈಕ್ರೋಕಂಟ್ರೋಲರ್ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಡ್ರಿಪ್ ಟೈಮರ್, ತೂಕದ ಯಂತ್ರ, ನೀರಿನ ಮಟ್ಟ ತೋರಿಸುವ ಬೋರ್ಡು, ಬೋರ್‌ವೆಲ್ ಸ್ಟಾರ್ಟರಿಗೆ ಜೋಡಿಸುವ ಕಂಟ್ರೋಲರ್, ಇಂಥವೇ ಕೆಲಸ. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಬಾಗಲಕೋಟೆ, ಬೆಳಗಾವಿ ಕಡೆಯ ಎಂಜಿನಿಯರಿಂಗ್ ಹುಡುಗರು ಬ್ಯಾಗಿನಲ್ಲಿ ಬೋರ್ಡು ತುಂಬಿಕೊಂಡು ಬರುತ್ತಾರೆ. ಪ್ಯಾನಲ್ ವೈರಿಂಗ್ ಮಾಡುವವರು ವರ್ಷವಿಡೀ ಫೋನ್ ಮಾಡುತ್ತಾರೆ. ಬೋರ್ಡು ಬೇರೆ, ಊರು ಬೇರೆ, ದೂರು ಮಾತ್ರ ಒಂದೇ: "ಸರ, ಕಂಪೈಲರ್ ಲೆಕ್ಕಾ ತಪ್ಪ ಮಾಡ್ತೈತ್ರಿ." ಕಂಪೈಲರ್ ಎಂದರೆ ನಾವು ಬರೆದ ಕೋಡನ್ನು ಚಿಪ್ಪಿಗೆ ತಿಳಿಯುವ ಆದೇಶಗಳಾಗಿ ಬದಲಿಸುವ ಸಾಫ್ಟ್‌ವೇರ್. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಸೂಚನೆ. ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಇಂಟ್, ಲಾಂಗ್, ಯುಇಂಟ್16 ಎಂದದ್ದನ್ನು ಕೀಬೋರ್ಡಿನಲ್ಲಿ ಹೇಗೆ ಹೊಡೆಯಬೇಕೆಂದು ನಿಮಗೆ ಗೊತ್ತೇ ಇದೆ. ಯುಇಂಟ್16 ಎಂದರೆ 16 ಬಿಟ್‌ನ (ಹದಿನಾರು 0-1ಗಳ ಜಾಗದ), ಮೈನಸ್ ಇಲ್ಲದ, ಅಂದರೆ ಅನ್‌ಸೈನ್ಡ್ ಪೂರ್ಣಾಂಕ. ಇಂಟ್16 ಎಂದರೆ ಅಷ್ಟೇ ಅಗಲದ, ಮೈನಸ್ ಇರುವ ಪೂರ್ಣಾಂಕ.

ಡ್ಯಾಮಿನ ಮಟ್ಟ 519.60 ಮೀಟರ್ ಬರಬೇಕ್ರಿ, ಡಿಸ್‌ಪ್ಲೇದಾಗ ಮೈನಸ್ 135.76 ಬರ್ತೈತಿ. ಸೆನ್ಸರ್ ಕೆಟ್ಟೈತೇನ್ರಿ?

ಸೆನ್ಸರ್ ಚೆನ್ನಾಗಿದೆ. ಈ ಪ್ರಶ್ನೆ ತಂದ ಹುಡುಗ ಆಲಮಟ್ಟಿ ಜಲಾಶಯದ ಮಾದರಿ ಮಾಡಿದ್ದ. ದಶಾಂಶದ ರಗಳೆ ಬೇಡವೆಂದು ಮಟ್ಟವನ್ನು ಸೆಂಟಿಮೀಟರಿನಲ್ಲಿ ಇಟ್ಟುಕೊಂಡಿದ್ದ, ಅದು ಜಾಣತನವೇ. ಬಕೆಟ್ಟಿನಲ್ಲಿ ನೀರು ತುಂಬಿ ನೋಡಿದಾಗ 42, 57 ಎಲ್ಲ ಸರಿಯಾಗೇ ಬಂದವು. ಪ್ರದರ್ಶನದ ಹಿಂದಿನ ದಿನ, ಸಮುದ್ರಮಟ್ಟದಿಂದ ಎತ್ತರ ಕಾಣಲಿ ಎಂದು ತಳದ ಅಂಕಿಯನ್ನು ಕೂಡಿಸಿದ. ಬೋರ್ಡು ಮೈನಸ್ಸಿಗೆ ಇಳಿಯಿತು.

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಅಂದರೆ 51960 ಸೆಂಟಿಮೀಟರ್. ಆರ್ಡುಯಿನೊ ಊನೊ ಎಂಬ ಬೋರ್ಡಿನಲ್ಲಿ (ಆರ್3ವರೆಗಿನದರಲ್ಲಿ) ಇರುವುದು ಅಟ್‌ಮೆಗಾ328ಪಿ, 8 ಬಿಟ್‌ನ ಎವಿಆರ್ ಜಾತಿಯ ಚಿಪ್ಪು. ಅದರ ಕಂಪೈಲರಿನಲ್ಲಿ ಇಂಟ್ ಎಂದರೆ 16 ಬಿಟ್. ಅದರಲ್ಲಿ ಹಿಡಿಯುವುದು −32768ರಿಂದ 32767ರವರೆಗೆ ಮಾತ್ರ. 51960 ಅದರಲ್ಲಿ ಕೂರುವುದಿಲ್ಲ. ಕೂರದಿದ್ದರೆ ಜಿಸಿಸಿ ಕಂಪೈಲರ್ 65536 ಕಳೆದು ಉಳಿದದ್ದನ್ನು ಇಡುತ್ತದೆ: 51960 − 65536 = −13576. ನೂರರಿಂದ ಭಾಗಿಸಿ, ನಿಮ್ಮ −135.76 ಬಂತು.

ಯುಇಂಟ್16 ಹಾಕಿದರೆ 65535ರವರೆಗೆ ಜಾಗ ಸಿಗುತ್ತದೆ, 51960 ಆರಾಮಾಗಿ ಕೂರುತ್ತದೆ. ನಾಳೆ ಯಾರೋ ಗೈಡು ಮಿಲಿಮೀಟರಿನಲ್ಲಿ ತೋರಿಸು ಅಂದರೆ 519600, ಅದಕ್ಕೆ 32 ಬಿಟ್ ಬೇಕೇ ಬೇಕು.

ಉತ್ತರ ಇಡಾಕ ಲಾಂಗ್ ತಗೊಂಡೇನ್ರಿ. ಆದ್ರೂ ತಪ್ಪ ಬರ್ತೈತಿ, ಯಾಕ?

ನಮ್ಮಲ್ಲಿಗೆ ಬರುವ ಹತ್ತು ದೂರುಗಳಲ್ಲಿ ಆರು ಇದೇ ಇರುತ್ತವೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೋಡು ಹೀಗಿತ್ತು:

ಲಾಂಗ್ ಮಿಲಿವೋಲ್ಟ್ = ಎಡಿಸಿ * 5000 / 1023;

ಎಡಿಸಿ ಎಂಬುದು ಸೆನ್ಸರಿನ ವೋಲ್ಟೇಜನ್ನು ಚಿಪ್ಪು ಅಂಕಿಯಾಗಿ ಓದಿದ್ದು; ಜಾತಿ ಇಂಟ್, ಬೆಲೆ 0ಯಿಂದ 1023. ಎಡಭಾಗದಲ್ಲಿ ಲಾಂಗ್ ಇದೆಯಲ್ಲ, 32 ಬಿಟ್ ಇದೆಯಲ್ಲ ಎಂದು ನೀವು ನಿಶ್ಚಿಂತರಾಗಿದ್ದೀರಿ. ಆದರೆ ಗುಣಾಕಾರ ಮಾಡುವಾಗ ಕಂಪೈಲರ್ ಸಮಚಿಹ್ನೆಯ ಎಡಕ್ಕೆ ಕಣ್ಣು ಹಾಯಿಸುವುದೇ ಇಲ್ಲ. ಗುಣಿಸುವ ಎರಡು ಅಂಕಿಗಳು ಯಾವ ಜಾತಿಯವು ಎಂದಷ್ಟೇ ನೋಡುತ್ತದೆ. ಎಡಿಸಿ ಇಂಟ್, 5000 ಕೂಡ ಇಂಟ್. ಹಾಗಾದರೆ ಲೆಕ್ಕ ಇಂಟ್‌ನಲ್ಲೇ, 16 ಬಿಟ್‌ನಲ್ಲೇ. ಉತ್ತರ ಹಾಳಾದ ಮೇಲೆ ಅದನ್ನು ತಂದು ಲಾಂಗ್‌ಗೆ ಸುರಿಯುತ್ತದೆ. ಸೇರಿನಲ್ಲಿ ಅಳೆಯುವಾಗಲೇ ಚೆಲ್ಲಿದ ಜೋಳ, ಆಮೇಲೆ ಎಷ್ಟು ದೊಡ್ಡ ಚೀಲ ಹಿಡಿದರೂ ವಾಪಸ್ ಬರುವುದಿಲ್ಲ.

ಎಷ್ಟು ಬೇಗ ಚೆಲ್ಲುತ್ತದೆ ನೋಡಿ. ಎಡಿಸಿ 6 ಇದ್ದಾಗ 30000, ಸರಿ. 7 ಆದಾಗ 35000, ಕೆಟ್ಟಿತು. 1023 ಮೆಟ್ಟಿಲಿನ ಏಣಿಯಲ್ಲಿ ಏಳನೆಯದರಲ್ಲೇ ಜಾರಿತು.

ಮದ್ದು ಸಣ್ಣದು. ಒಂದು ಅಂಕಿಯನ್ನಾದರೂ ಮೊದಲೇ ದೊಡ್ಡದು ಮಾಡಿ: 5000 ಬದಲು 5000ಎಲ್ ಎಂದು ಕೊನೆಗೆ ಎಲ್ ಅಂಟಿಸಿ, ಇಲ್ಲವೇ ಎಡಿಸಿಯ ಮುಂದೆ ಆವರಣದಲ್ಲಿ ಲಾಂಗ್ ಬರೆದು ಕಾಸ್ಟ್ ಮಾಡಿ, ಅಂದರೆ ಅದರ ಜಾತಿ ಬದಲಿಸಿ. ಆದರೆ ಲಾಂಗ್(ಎಡಿಸಿ * 5000) ಎಂದು ಇಡೀ ಗುಣಾಕಾರಕ್ಕೆ ಕಾಸ್ಟ್ ಹಾಕಬೇಡಿ. ಅದು ಚೆಲ್ಲಿದ ಮೇಲೆ ಚೀಲ ಹಿಡಿದ ಹಾಗೆಯೇ.

ಹಂಗಾದ್ರ ಮೊದಲ ಭಾಗಿಸಿ ಆಮ್ಯಾಲ ಗುಣಿಸಿದ್ರ?

ಎಡಿಸಿ / 1023 * 5000 ಎಂದರೆ ಎಡಿಸಿ 1022 ಇದ್ದಾಗಲೂ ಉತ್ತರ ಸೊನ್ನೆ. ಪೂರ್ಣಾಂಕದ ಭಾಗಾಕಾರ ಶೇಷವನ್ನು ಎಸೆದುಬಿಡುತ್ತದೆ. ಮೊದಲು ಗುಣಿಸಿ, ಅಗಲವಾದ ಜಾಗದಲ್ಲಿ ಗುಣಿಸಿ.

ಒಂದು ನಿಮಿಷಕ್ಕ ಬಂದ್ ಆಗಬೇಕಾದ ವಾಲ್ವ್ ಬಂದ್ ಆಗವಲ್ದು. 60 * 1000 ಮಿಲಿಸೆಕೆಂಡ್ ಕೊಟ್ಟೇನಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಹಾಗಾಗಿ ಯಾರನ್ನೂ ನಗುವುದಿಲ್ಲ. ತಿಕೋಟಾ ಹತ್ತಿರದ ಒಂದು ದ್ರಾಕ್ಷಿ ತೋಟ. ಡ್ರಿಪ್ ಫಿಲ್ಟರಿನ ಕಸ ತೊಳೆಯಲು ಬ್ಯಾಕ್‌ವಾಶ್ ವಾಲ್ವ್ ರಾತ್ರಿಗೊಮ್ಮೆ ಒಂದು ನಿಮಿಷ ತೆರೆಯಬೇಕಿತ್ತು. ಬೆಂಚಿನ ಮೇಲೆ 10 * 1000 ಹಾಕಿ ಹತ್ತು ಸೆಕೆಂಡಿಗೆ ಪರೀಕ್ಷೆ ಮಾಡಿದೆ, ರಿಲೇ ಟಿಕ್ ಎಂದು ಬಿಟ್ಟುಕೊಂಡಿತು. ತೋಟದಲ್ಲಿ ಕೂರಿಸುವಾಗ 10 ಅಳಿಸಿ 60 ಬರೆದೆ. ಮರುದಿನ ಬೆಳಿಗ್ಗೆ ಆರಕ್ಕೆ ಫೋನ್: "ಸಾಹೇಬ್ರ, ಹೊಂಡದಾಗಿನ ನೀರ ಹಾದಿಗುಂಟ ಹರದ ಹೊಂಟೈತಿ."

60 ಇಂಟ್, 1000 ಇಂಟ್. 60000 ಎಂಬುದು 16 ಬಿಟ್‌ನಲ್ಲಿ −5536 ಆಗುತ್ತದೆ. ಡಿಲೇ ಫಂಕ್ಷನ್ ಮೈನಸ್ ಇಲ್ಲದ 32 ಬಿಟ್ ಅಂಕಿ ಕೇಳುತ್ತದೆ. −5536 ಅಲ್ಲಿಗೆ ಹೋದಾಗ 4294961760 ಆಯಿತು. ಅಷ್ಟು ಮಿಲಿಸೆಕೆಂಡು ಎಂದರೆ ಸುಮಾರು 49.7 ದಿನ. ಆ ರೈತರ ಕೃಷಿ ಹೊಂಡಕ್ಕೆ 49 ದಿನ ಬೇಕಾಗಲಿಲ್ಲ, ಒಂದು ರಾತ್ರಿ ಸಾಕಾಯಿತು. ಎರಡು ಟ್ಯಾಂಕರ್ ನೀರಿನ ದುಡ್ಡು ನಾನೇ ಕೊಟ್ಟೆ.

ತಮಾಷೆ ಎಂದರೆ, ಗುಣಿಸದೆ ನೇರವಾಗಿ 60000 ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ದಶಮಾನದಲ್ಲಿ ಬರೆದ ಅಂಕಿ ಇಂಟ್‌ನಲ್ಲಿ ಹಿಡಿಯದಿದ್ದರೆ ಕಂಪೈಲರ್ ತಾನಾಗಿಯೇ ಅದನ್ನು ಲಾಂಗ್ ಎಂದುಕೊಳ್ಳುತ್ತದೆ. ಗುಣಾಕಾರಕ್ಕೆ ಆ ಔದಾರ್ಯ ಇಲ್ಲ. 24 * 60 * 60 ಬರೆದವರಿಗೂ ಇದೇ ಗತಿ: ದಿನಕ್ಕೆ 86400 ಸೆಕೆಂಡಿನ ಬದಲು 20864, ಅಂದರೆ 5 ಗಂಟೆ 47 ನಿಮಿಷ 44 ಸೆಕೆಂಡಿಗೇ ದಿನ ಮುಗಿಯುತ್ತದೆ.

ಕಂಪೈಲರ್ ಇದನ್ನ ಮೊದಲ ಹೇಳಬಾರದಾ?

ಹೇಳುತ್ತದೆ, ನೀವು ಬಾಯಿ ಮುಚ್ಚಿಸಿರುತ್ತೀರಿ. ಕೋಡು ಬರೆದು ಬೋರ್ಡಿಗೆ ಹಾಕುವ ಆರ್ಡುಯಿನೊ ಐಡಿಇ ಸಾಫ್ಟ್‌ವೇರಿನ ಪ್ರಿಫರೆನ್ಸಸ್‌ನಲ್ಲಿ ಕಂಪೈಲರ್ ವಾರ್ನಿಂಗ್ಸ್ ಎಂಬ ಸಾಲು ಮೊದಲಿನಿಂದ 'ನನ್' ಎಂದೇ ಇರುತ್ತದೆ. ಅದನ್ನು 'ಆಲ್' ಮಾಡಿ. 60 * 1000ಕ್ಕೆ ಇಂಟಿಜರ್ ಓವರ್‌ಫ್ಲೋ, ಅಂದರೆ ಅಂಕಿ ಜಾಗ ಮೀರಿ ಚೆಲ್ಲಿತು ಎಂದು ಸಾಲು ಸಂಖ್ಯೆ ಸಮೇತ ಬರುತ್ತದೆ. ಆದರೆ ಎಡಿಸಿ * 5000ದಂಥದ್ದಕ್ಕೆ ಬರುವುದಿಲ್ಲ, ಏಕೆಂದರೆ ಎಡಿಸಿಯ ಬೆಲೆ ಎಷ್ಟೆಂದು ಕಂಪೈಲ್ ಮಾಡುವಾಗ ಗೊತ್ತಿರುವುದಿಲ್ಲ.

ಊನೊದಾಗ ಸರಿ ಇದ್ದ ಕೋಡು ಬ್ಲೂ ಪಿಲ್‌ದಾಗ ತಪ್ಪ, ಬ್ಲೂ ಪಿಲ್‌ದಾಗ ಸರಿ ಇದ್ದದ್ದು ಊನೊದಾಗ ತಪ್ಪ. ಏನ್ ಮಾಟಾ ಮಾಡ್ಯಾರ?

ಮಾಟ ಅಲ್ಲ, ಪ್ರಮೋಶನ್. ಸಿ ಭಾಷೆಯ ನಿಯಮ ಹೀಗಿದೆ: ಇಂಟ್‌ಗಿಂತ ಸಣ್ಣ ಅಂಕಿಯನ್ನು ಲೆಕ್ಕಕ್ಕೆ ಕರೆತರುವ ಮೊದಲು ಅದನ್ನು ಇಂಟ್‌ಗೆ ಬಡ್ತಿ ಕೊಡಬೇಕು. ತಿರುವು ಇರುವುದು "ಇಂಟ್‌ಗಿಂತ ಸಣ್ಣ" ಎಂಬಲ್ಲಿ. ಬ್ಲೂ ಪಿಲ್ ಎಂಬ ಬೋರ್ಡಿನಲ್ಲಿರುವ ಎಸ್‌ಟಿಎಂ32ಎಫ್103 ಚಿಪ್ಪು 32 ಬಿಟ್‌ನ ಕಾರ್ಟೆಕ್ಸ್-ಎಂ3. ಅಲ್ಲಿ ಇಂಟ್ 32 ಬಿಟ್, ಆದ್ದರಿಂದ ಯುಇಂಟ್16 ಸಣ್ಣದು, ಬಡ್ತಿ ಸಿಗುತ್ತದೆ, ಮೈನಸ್ ಹಿಡಿಯುವ ಇಂಟ್ ಆಗುತ್ತದೆ. ಊನೊದಲ್ಲಿ ಇಂಟ್ ಕೂಡ 16 ಬಿಟ್, ಯುಇಂಟ್16 ಅದರ ಸಮಾನ. ಬಡ್ತಿ ಇಲ್ಲ, ಮೈನಸ್ ಇಲ್ಲದ ಲೆಕ್ಕವೇ ನಡೆಯುತ್ತದೆ.

ಮತ್ತೆ ಆಲಮಟ್ಟಿಗೇ ಬನ್ನಿ. ನಿನ್ನೆ 51960, ಇವತ್ತು 51940, ಎರಡೂ ಯುಇಂಟ್16. ನೀರು ಇಳಿದಿದೆಯೇ ಎಂದು ತಿಳಿಯಲು ಇವತ್ತು − ನಿನ್ನೆ < 0 ಎಂದು ಕೇಳಿದಿರಿ. ಬ್ಲೂ ಪಿಲ್‌ನಲ್ಲಿ −20 ಬರುತ್ತದೆ, ಶರತ್ತು ನಿಜ. ಊನೊದಲ್ಲಿ 65516 ಬರುತ್ತದೆ, ಶರತ್ತು ಎಂದೆಂದಿಗೂ ಸುಳ್ಳು. ಡ್ಯಾಮು ಬತ್ತಿದರೂ ನಿಮ್ಮ ಬೋರ್ಡು ನೀರು ಇಳಿದಿಲ್ಲ ಅನ್ನುತ್ತದೆ.

ಈಗ ಇದರ ತಿರುಗುಮುರುಗು. 16 ಬಿಟ್‌ನ ಟೈಮರ್ 65530 ಇದ್ದಾಗ ಆರಂಭ ಗುರುತು ಹಾಕಿಕೊಂಡಿರಿ. ಅದು ತಿರುಗಿ ಸೊನ್ನೆಯಾಗಿ 10ಕ್ಕೆ ಬಂತು. ಈಗ − ಆರಂಭ ಮಾಡಿದರೆ ಊನೊದಲ್ಲಿ ಸರಿಯಾಗಿ 16. ಬ್ಲೂ ಪಿಲ್‌ನಲ್ಲಿ −65520. ಊನೊದಲ್ಲಿ ವರ್ಷಗಟ್ಟಲೆ ಓಡಿದ ಕೋಡನ್ನು 'ದೊಡ್ಡ ಚಿಪ್ಪಿಗೆ' ಹಾಕಿದ ಮೇಲೆ ಕೆಟ್ಟಿತು ಎನ್ನುವವರ ಕೋಡಿನಲ್ಲಿ ನಾನು ಮೊದಲು ಹುಡುಕುವುದೇ ಈ ಸಾಲನ್ನು.

ಎರಡೂ ಕಡೆ ಒಂದೇ ಉತ್ತರ ಬೇಕೆಂದರೆ ನಿಮಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಬೇಕು. ಮೈನಸ್ ಬೇಕಿದ್ದರೆ ಕಳೆಯುವ ಮೊದಲೇ ಎರಡನ್ನೂ ಇಂಟ್32 ಮಾಡಿ. ಗಡಿಯಾರದ ಮುಳ್ಳಿನಂತೆ ತಿರುಗುವ ಲೆಕ್ಕ ಬೇಕಿದ್ದರೆ ಕಳೆದ ಮೇಲೆ ಉತ್ತರವನ್ನು ಯುಇಂಟ್16ಗೆ ಕಾಸ್ಟ್ ಮಾಡಿ.

32 ಬಿಟ್ ಚಿಪ್ ತಗೊಂಡ್ರ ಓವರ್‌ಫ್ಲೋ ಚಿಂತಿ ಇಲ್ಲಲ್ರಿ?

ಕಡಿಮೆ, ಇಲ್ಲ ಅಂತಲ್ಲ. ಮೋಟರಿನ ಕರೆಂಟಿನ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ತೆಗೆಯಲು ಯುಇಂಟ್16 ಮಾದರಿಗಳನ್ನು ವರ್ಗ ಮಾಡಿ ಕೂಡಿಸುತ್ತೀರಿ ಎನ್ನಿ. 46340ರ ವರ್ಗ 2147395600, ಸರಿ. 46341ರ ವರ್ಗ 2147483647ನ್ನು ದಾಟಿತು. ಮೈನಸ್ ಇಲ್ಲದ ಅಂಕಿಯಿಂದ ಮೈನಸ್ ಇಲ್ಲದ ಅಂಕಿಯನ್ನೇ ಗುಣಿಸಿದ್ದೀರಿ, ಆದರೂ ಬಡ್ತಿಯ ಕೃಪೆಯಿಂದ ಲೆಕ್ಕ ಮೈನಸ್ ಇರುವ ಇಂಟ್‌ನಲ್ಲಿ ನಡೆದು ಓವರ್‌ಫ್ಲೋ ಆಯಿತು. ಅದನ್ನು 64 ಬಿಟ್‌ನ ಮೊತ್ತಕ್ಕೆ ಸೇರಿಸಿದರೆ 1844ರಿಂದ ಶುರುವಾಗುವ ಇಪ್ಪತ್ತಂಕಿಯ ಸಂಖ್ಯೆ ಕಾಣಿಸುವುದುಂಟು. ಒಂದನ್ನು ಯುಇಂಟ್32 ಮಾಡಿ ಗುಣಿಸಿ.

ಓವರ್‌ಫ್ಲೋ ಚೆಕ್ ಬರದೇನಿ, ಕಂಪೈಲರ್ ಅದನ್ನ ತಗದ ಹಾಕೈತಿ. ಇದಂತೂ ಕಂಪೈಲರ್ ತಪ್ಪಲ್ರಿ?

ಕೋಡು: ತೂಕ + 100 < ತೂಕ ಆದರೆ ಅಲಾರಂ. ತೂಕ ಎಂಬುದು ಇಂಟ್. ಗಡಿ ದಾಟಿ ಮೈನಸ್ಸಿಗೆ ಹೋದರೆ ಹಿಡಿಯೋಣ ಎಂಬ ಯೋಚನೆ. ಹುಡುಗ ಅಸೆಂಬ್ಲಿ (ಕಂಪೈಲರ್ ಬರೆದುಕೊಟ್ಟ ಚಿಪ್ಪಿನ ಆದೇಶಗಳ ಪಟ್ಟಿ) ತೆರೆದು ತೋರಿಸಿದ, ನಿಜವಾಗಿಯೂ ಆ ಹೋಲಿಕೆಯೇ ಅಲ್ಲಿರಲಿಲ್ಲ. ಅಷ್ಟು ಕಷ್ಟಪಟ್ಟದ್ದಕ್ಕೆ ಅವನಿಗೆ ಚಹಾ ಕುಡಿಸಿದೆ.

ಮೈನಸ್ ಇಲ್ಲದ ಅಂಕಿ ಗಡಿ ದಾಟಿದರೆ ಸುತ್ತಿ ಸೊನ್ನೆಗೆ ಬರುತ್ತದೆ ಎಂದು ಸಿ ಭಾಷೆಯ ಪ್ರಮಾಣಗ್ರಂಥ ಮಾತು ಕೊಟ್ಟಿದೆ. ಮೈನಸ್ ಇರುವ ಅಂಕಿಗೆ ಅಂಥ ಮಾತು ಕೊಟ್ಟಿಲ್ಲ. ಅದು ಗಡಿ ದಾಟಿದರೆ ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಆಮೇಲೆ ಏನಾದರೂ ಆಗಬಹುದು, ಯಾರೂ ಜವಾಬ್ದಾರರಲ್ಲ. ಕಂಪೈಲರ್ ಇದನ್ನು ಹೀಗೆ ಓದಿಕೊಳ್ಳುತ್ತದೆ: ಬರೆದವರು ಗಡಿ ದಾಟಿಸುವುದಿಲ್ಲ. ದಾಟಿಸುವುದಿಲ್ಲ ಎಂದ ಮೇಲೆ ಒಂದು ಅಂಕಿಗೆ 100 ಕೂಡಿಸಿದರೆ ಅದು ಮೊದಲಿಗಿಂತ ಸಣ್ಣದಾಗಲು ಸಾಧ್ಯವೇ ಇಲ್ಲ. ಸಾಧ್ಯವಿಲ್ಲದ್ದನ್ನು ಕೇಳುವ ಸಾಲು ಯಾಕೆ ಬೇಕು, ತೆಗೆ.

ಆಪ್ಟಿಮೈಸೇಶನ್ (ಕೋಡನ್ನು ಚುರುಕು, ಚಿಕ್ಕದು ಮಾಡುವ ಕೆಲಸ) ಇಲ್ಲದೆ ಕಂಪೈಲ್ ಮಾಡಿದಾಗ ಚೆಕ್ ಹೆಚ್ಚಾಗಿ ಉಳಿದಿರುತ್ತದೆ, ಅದಕ್ಕೇ ಡೀಬಗ್ ಮಾಡುವಾಗ ಎಲ್ಲ ಸರಿ ಕಾಣುತ್ತದೆ. ಆರ್ಡುಯಿನೊ ಐಡಿಇ ಮೊದಲಿನಿಂದಲೂ ಕೋಡಿನ ಗಾತ್ರ ಕಡಿಮೆ ಮಾಡುವ ಆಪ್ಟಿಮೈಸೇಶನ್ ಹಾಕಿಯೇ ಕಂಪೈಲ್ ಮಾಡುವುದು, ಅಲ್ಲಿ ಉಳಿಯುವುದಿಲ್ಲ.

ಇದೇ ತರ್ಕ ಲೂಪಿನಲ್ಲಿ ಇನ್ನೂ ವಿಚಿತ್ರವಾಗಿ ಬರುತ್ತದೆ. ಊನೊದಲ್ಲಿ ಐ 0ಯಿಂದ 9ರವರೆಗೆ ಹೋಗುವ ಲೂಪು, ಒಳಗೆ ಐ * 10000 ಮುದ್ರಣ. ಐ 4 ಆದಾಗ 40000, ಗಡಿ ದಾಟಿತು. ದಾಟುವುದಿಲ್ಲ ಎಂದು ನಂಬಿರುವ ಕಂಪೈಲರ್, ಹಾಗಿದ್ದರೆ ಐ ಎಂದೂ 3ನ್ನು ಮೀರುವುದಿಲ್ಲ, 10ಕ್ಕಿಂತ ಸಣ್ಣದೇ ಎನ್ನುವ ಚೆಕ್ ಯಾವಾಗಲೂ ನಿಜ ಎಂದು ತೀರ್ಮಾನಿಸಬಹುದು. ಚೆಕ್ ಹೋಯಿತು, ಲೂಪು ನಿಲ್ಲುವುದೇ ಇಲ್ಲ. ಗುಣಾಕಾರದ ತಪ್ಪಿಗೆ ಲೂಪಿನ ಕಾಲು ಮುರಿಯಿತು. ಮಧ್ಯೆ ಇನ್ನೊಂದು ಪ್ರಿಂಟ್ ಹಾಕಿದರೆ ಸರಿಹೋಗುವ, ತೆಗೆದರೆ ಕೆಡುವ ತೊಂದರೆಗಳ ಹಿಂದೆ ಇಂಥದ್ದು ಇರುವುದು ಹೆಚ್ಚು.

ಚೆಕ್ ಮಾಡುವುದಿದ್ದರೆ ಕೂಡಿಸುವ ಮೊದಲು ಮಾಡಿ: ತೂಕ > 32767 − 100 ಆದರೆ ಅಲಾರಂ. ಜಿಸಿಸಿಗೆ ಎಫ್-ರ್ಯಾಪ್-ವಿ ಎಂಬ ಆಯ್ಕೆ ಕೊಟ್ಟರೆ ಮೈನಸ್ ಇರುವ ಅಂಕಿಯೂ ಸುತ್ತಿ ಬರುತ್ತದೆ. ಗಿರಾಕಿಗೆ ಕೊಡುವ ಬೋರ್ಡಿಗೆ ನಾನು ಅದನ್ನು ಹಾಕುತ್ತೇನೆ, ಆದರೆ ಅದನ್ನು ನೆಚ್ಚಿಕೊಂಡು ಕೋಡು ಬರೆಯುವುದಿಲ್ಲ. ಆ ಫೈಲು ನಾಳೆ ಬೇರೆಯವರ ಪ್ರಾಜೆಕ್ಟಿಗೆ ಹೋಗುತ್ತದೆ, ಆಯ್ಕೆ ಇಲ್ಲೇ ಉಳಿಯುತ್ತದೆ.

ತೂಕ ಯುಇಂಟ್8 ಇದ್ರೂ ಆ ಚೆಕ್ ಹೋಗೇತಿ. ಅನ್‌ಸೈನ್ಡ್‌ಗೆ ಮಾತು ಕೊಟ್ಟಾರ ಅಂದ್ರೆಲ್ಲ?

ಒಳ್ಳೆಯ ಪ್ರಶ್ನೆ, ಆದರೆ ಕಾರಣ ಬೇರೆ. ಯುಇಂಟ್8 ಮೊದಲು ಇಂಟ್‌ಗೆ ಬಡ್ತಿ ಪಡೆಯುತ್ತದೆ. 250 + 100 ಎಂದರೆ 350, 16 ಬಿಟ್‌ನಲ್ಲಿ ಆರಾಮಾಗಿ ಕೂರುತ್ತದೆ, 250ಕ್ಕಿಂತ ದೊಡ್ಡದೇ. ಇಲ್ಲಿ ಓವರ್‌ಫ್ಲೋ ಆಗಲೇ ಇಲ್ಲ. ಕೂಡಿಸಿದ್ದನ್ನು ಯುಇಂಟ್8ಗೆ ಕಾಸ್ಟ್ ಮಾಡಿ ಹೋಲಿಸಿದರೆ 94 ಬರುತ್ತದೆ, ಚೆಕ್ ಕೆಲಸ ಮಾಡುತ್ತದೆ. ಟಿಲ್ಡೆ (~) ಹಾಕಿ ಬಿಟ್‌ಗಳನ್ನು ತಿರುವಿದಾಗಲೂ ಇದೇ ಕಥೆ: 255ನ್ನು ತಿರುವಿದರೆ ಸೊನ್ನೆ ಬರುವುದಿಲ್ಲ, −256 ಬರುತ್ತದೆ.

9ರಿಂದ 0ವರೆಗೆ ಇಳಿಯೋ ಲೂಪ್ ನಿಲ್ಲವಲ್ದು.

ಐ ಯುಇಂಟ್8 ಇದೆಯೇ? ಐ >= 0 ಎಂಬುದು ಅದಕ್ಕೆ ಯಾವಾಗಲೂ ನಿಜ. ಸೊನ್ನೆಯ ನಂತರ 255.

ಬೆಲ್ಲದ ತೂಕದ ಯಂತ್ರ ಖಾಲಿ ಇದ್ದಾಗ ಒಮ್ಮೊಮ್ಮೆ ಭಾರಿ ತೂಕ ತೋರಸ್ತೈತಿ.

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ತಟ್ಟೆಯ ಮೇಲೆ ಪೆಂಟಿ ಇಟ್ಟಾಗ ಸರಿ. ಪೆಂಟಿ ತೆಗೆದು ತಟ್ಟೆ ಅಲುಗಾಡುತ್ತಿರುವಾಗ ಡಿಸ್‌ಪ್ಲೇ ಹುಚ್ಚು ಹಿಡಿದಂತೆ ಜಿಗಿಯುತ್ತಿತ್ತು. ಅವರು ಲೋಡ್ ಸೆಲ್ ಎರಡು ಸಲ ಬದಲಿಸಿಯಾಗಿತ್ತು.

ಲೋಡ್ ಸೆಲ್ (ತೂಕದ ಸೆನ್ಸರ್) ಓದುವ ಎಚ್‌ಎಕ್ಸ್711 ಚಿಪ್ಪು ಕೊಡುವುದು 24 ಬಿಟ್‌ನ ಅಂಕಿ, ಮೈನಸ್ ಕೂಡ ಅದರೊಳಗೇ. ಹಿಡಿತ −8388608ರಿಂದ 8388607. ತಟ್ಟೆ ಮೇಲಕ್ಕೆ ಕುಪ್ಪಳಿಸಿ ಅಂಕಿ −1 ಆದರೆ 24 ಬಿಟ್‌ಗಳೂ ಒಂದು. ಸಿ ಭಾಷೆಯ ಮಾಮೂಲು ಜಾತಿಗಳಲ್ಲಿ 24 ಬಿಟ್‌ನದು ಇಲ್ಲ, ನೀವು 32 ಬಿಟ್‌ಗೆ ತುಂಬುತ್ತೀರಿ. ಮೇಲಿನ ಎಂಟು ಬಿಟ್ ಸೊನ್ನೆ ಉಳಿದರೆ ಅದು −1 ಅಲ್ಲ, 16777215. ಮೈನಸ್ ಗುರುತನ್ನು ಮೇಲಿನ ಬಿಟ್‌ಗಳಿಗೂ ಹರಡಬೇಕು. ನಾನು ಬಳಸುವ ಉಪಾಯ: ಬಂದ ಅಂಕಿಯನ್ನು ಇಂಟ್32ರಲ್ಲಿ ಇಟ್ಟು, 8388608ರ ಜೊತೆ ಎಕ್ಸ್-ಆರ್ (ಎರಡು ಬಿಟ್ ಬೇರೆ ಇದ್ದರೆ 1, ಒಂದೇ ಇದ್ದರೆ 0) ಮಾಡಿ, ಅದೇ 8388608 ಕಳೆಯಿರಿ. ಪ್ಲಸ್ ಇದ್ದದ್ದು ಪ್ಲಸ್ಸಾಗಿಯೇ, ಮೈನಸ್ ಇದ್ದದ್ದು ಮೈನಸ್ಸಾಗಿಯೇ ಹೊರಬರುತ್ತದೆ. ಕಾಗದದ ಮೇಲೆ 16777215 ಹಾಕಿ ಒಮ್ಮೆ ಮಾಡಿ ನೋಡಿ.

ಅದೇ ಕೋಡಿನಲ್ಲಿ ಇನ್ನೊಂದು ಗುಂಡಿ ಇತ್ತು. ಮೂರು ಬೈಟ್ (8 ಬಿಟ್‌ನ ತುಂಡು) ಜೋಡಿಸುವಾಗ ಮೇಲಿನ ಬೈಟ್ << 16 ಎಂದು ಬರೆದಿದ್ದರು. ಊನೊದಲ್ಲಿ ಆ ಬೈಟು ಬಡ್ತಿ ಪಡೆದು 16 ಬಿಟ್‌ನ ಇಂಟ್ ಆಗುತ್ತದೆ, 16 ಬಿಟ್‌ನದನ್ನು 16 ಸ್ಥಾನ ಸರಿಸುವುದು ಅನ್‌ಡಿಫೈನ್ಡ್. ಸರಿಸುವ ಮೊದಲು ಯುಇಂಟ್32 ಮಾಡಬೇಕು.

ಫ್ರೀಜರ್‌ದಾಗ "−1.−5" ಅಂತ ಬರ್ತೈತಿ, ಕೆಲವೊಮ್ಮೆ ಮೈನಸ್ಸೇ ಮಾಯ.

ತಾಪಮಾನವನ್ನು ಹತ್ತರಿಂದ ಗುಣಿಸಿ ಇಟ್ಟು, / 10 ಮತ್ತು % 10 ಮಾಡಿ ಮುದ್ರಿಸುತ್ತಿದ್ದೀರಿ. ಸಿಯಲ್ಲಿ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಶೇಷಕ್ಕೆ ಭಾಜ್ಯದ ಚಿಹ್ನೆಯೇ ಬರುತ್ತದೆ. −15ಕ್ಕೆ −1 ಮತ್ತು −5. −5ಕ್ಕೆ 0 ಮತ್ತು −5, ಶೇಷದ ಚಿಹ್ನೆ ತೆಗೆದರೆ ಅರ್ಧ ಡಿಗ್ರಿ ಮೈನಸ್ ಇದ್ದದ್ದು ಅರ್ಧ ಡಿಗ್ರಿ ಪ್ಲಸ್. ಚಿಹ್ನೆಯನ್ನು ಮೊದಲು ಬೇರೆ ಮುದ್ರಿಸಿ, ಉಳಿದದ್ದನ್ನು ಪ್ಲಸ್ ಮಾಡಿಕೊಂಡು ಒಡೆಯಿರಿ. ಭಾಗಾಕಾರದ ಬದಲು >> (ಬಿಟ್‌ಗಳನ್ನು ಬಲಕ್ಕೆ ಸರಿಸುವ ಗುರುತು) ಹಾಕಿ ಜಾಣರಾಗಬೇಡಿ. ಜಿಸಿಸಿಯಲ್ಲಿ −5 / 2 ಎಂದರೆ −2, −5 >> 1 ಎಂದರೆ −3.

49 ದಿನಕ್ಕೊಮ್ಮೆ ಕಂಟ್ರೋಲರ್ ಹ್ಯಾಂಗ್ ಆಗ್ತೈತಿ.

ಬೋರ್ಡು ಚಾಲೂ ಆದಾಗಿನಿಂದ ಮಿಲಿಸೆಕೆಂಡು ಎಣಿಸುವ ಮಿಲಿಸ್ ಕೌಂಟರ್ 32 ಬಿಟ್‌ನದು, 4294967296 ಮಿಲಿಸೆಕೆಂಡಿಗೆ, ಅಂದರೆ 49.7 ದಿನಕ್ಕೆ ತಿರುಗಿ ಸೊನ್ನೆಯಾಗುತ್ತದೆ. ಈಗ >= ಆರಂಭ + ಅವಧಿ ಎಂದು ಬರೆದವರು ಆ ದಿನ ಬೀಳುತ್ತಾರೆ. ಈಗ − ಆರಂಭ >= ಅವಧಿ ಎಂದು ಬರೆದವರು ಬೀಳುವುದಿಲ್ಲ, ಮೂರೂ ಅಂಕಿ ಯುಇಂಟ್32 ಇರಬೇಕು ಅಷ್ಟೇ. ನಮ್ಮ ಕಡೆ ಕರೆಂಟು ಹೋಗಿ ಬಂದು ಬೋರ್ಡು ರೀಸೆಟ್ ಆಗುತ್ತಲೇ ಇರುವುದರಿಂದ ಈ ತಪ್ಪು ವರ್ಷಗಟ್ಟಲೆ ಅಡಗಿರುತ್ತದೆ. ಸೋಲಾರ್ ಬ್ಯಾಟರಿ ಜೋಡಿಸಿದ ಮೇಲೆ ಹೊರಗೆ ಬರುತ್ತದೆ.

ಇದು ಸಣ್ಣವರ ತಪ್ಪು ಮಾತ್ರ ಅಂದುಕೊಳ್ಳಬೇಡಿ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. 248 ದಿನ ಬಿಡದೆ ವಿದ್ಯುತ್ ಚಾಲೂ ಇದ್ದರೆ ಜನರೇಟರ್ ನಿಯಂತ್ರಣ ಘಟಕದ ಸಾಫ್ಟ್‌ವೇರ್ ಕೌಂಟರ್ ಓವರ್‌ಫ್ಲೋ ಆಗುತ್ತದೆ ಎಂದು. 2147483648ನ್ನು ಸೆಕೆಂಡಿನ ನೂರನೇ ಭಾಗಗಳೆಂದು ಎಣಿಸಿದರೆ ಸರಿಯಾಗಿ 248 ದಿನ ಚಿಲ್ಲರೆ ಬರುತ್ತದೆ.

ಫ್ಲೋ ಮೀಟರ್ ಎಣಿಕಿ 255 ಆದಮ್ಯಾಲ ಒಮ್ಮೆಲೆ 511 ತೋರಿಸಿ ಮತ್ತ 257ಕ್ಕ ಬರ್ತೈತಿ.

ಇದು ಕಂಪೈಲರ್ ಲೆಕ್ಕವಲ್ಲ, ಆದರೆ ಪಕ್ಕದ ಮನೆಯದೇ. 8 ಬಿಟ್ ಚಿಪ್ಪು 16 ಬಿಟ್ ಅಂಕಿಯನ್ನು ಎರಡು ಸಲಕ್ಕೆ ಓದುತ್ತದೆ. ಕೆಳಗಿನ ಬೈಟು 255 ಓದಿತು. ಅಷ್ಟರಲ್ಲಿ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ನಡುವೆ ನುಗ್ಗುವ ಕರೆ) ಬಂದು ಎಣಿಕೆಯನ್ನು 256 ಮಾಡಿತು. ಮೇಲಿನ ಬೈಟು ಈಗ 1. ಎರಡೂ ಸೇರಿ 256 + 255 = 511. ಪ್ರತಿ ಸಲ ಮೆಮರಿಯಿಂದಲೇ ಓದು ಎನ್ನುವ ವೊಲಟೈಲ್ ಹಾಕಿದರೂ ಇದು ನಿಲ್ಲುವುದಿಲ್ಲ. ಇಂಟರಪ್ಟ್ ನಿಲ್ಲಿಸಿ, ನಕಲು ಮಾಡಿಕೊಂಡು, ಮತ್ತೆ ಬಿಡಿ.

ಎಲ್ಲಾ ಫ್ಲೋಟ್ ಮಾಡಿಬಿಟ್ರ ಮುಗೀತಲ್ರಿ?

ಫ್ಲೋಟಿನಲ್ಲಿ (ದಶಾಂಶ ಹಿಡಿಯುವ 32 ಬಿಟ್‌ನ ಜಾತಿ) ಪೂರ್ಣಾಂಕ ತಪ್ಪಿಲ್ಲದೆ ಉಳಿಯುವುದು 16777216ರವರೆಗೆ ಮಾತ್ರ. ಮಿಲಿಸ್ ಬೆಲೆಯನ್ನು ಫ್ಲೋಟಿನಲ್ಲಿ ಇಟ್ಟರೆ ನಾಲ್ಕೂವರೆ ಗಂಟೆ ದಾಟಿದ ಮೇಲೆ ಒಂದೊಂದು ಮಿಲಿಸೆಕೆಂಡು ತಪ್ಪಿಹೋಗಲು ಶುರು. ಡಬಲ್ ಹಾಕುತ್ತೇನೆ ಅನ್ನಬೇಡಿ, ಊನೊದಲ್ಲಿ ಡಬಲ್ ಕೂಡ ಅದೇ 32 ಬಿಟ್. ಮೇಲಾಗಿ ಎವಿಆರ್‌ನಲ್ಲಿ ಫ್ಲೋಟಿಗೆ ಹಾರ್ಡ್‌ವೇರ್ ಇಲ್ಲ, ಎಲ್ಲ ಲೈಬ್ರರಿ ಮಾಡಬೇಕು, ನಿಧಾನ. ಕೊನೆಗೆ ಫ್ಲೋಟಿನಿಂದ ಪೂರ್ಣಾಂಕಕ್ಕೆ ಮರಳುವಾಗ ಹಿಡಿಯದಿದ್ದರೆ ಅದೂ ಅನ್‌ಡಿಫೈನ್ಡ್. 1996ರ ಜೂನ್ 4ರಂದು ಏರಿಯನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ನಾಶವಾದದ್ದಕ್ಕೆ ಮೂಲ 64 ಬಿಟ್ ಫ್ಲೋಟನ್ನು 16 ಬಿಟ್ ಪೂರ್ಣಾಂಕಕ್ಕೆ ತುಂಬಲು ಹೋದದ್ದು. ಆ ಕೋಡು ಸಿಯಲ್ಲಿ ಇರಲಿಲ್ಲ, ಏಡಾ ಭಾಷೆಯಲ್ಲಿತ್ತು.

ಡಿಸ್‌ಪ್ಲೇದಾಗ ಕನ್ನಡ ಅಕ್ಷರ ಗುರುತಿಸೋ ಕೋಡು ಊನೊದಾಗ ಓಡವಲ್ದು.

ಅಕ್ಷರಗಳನ್ನು ಅಂಕಿಯಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ 'ಕ' ಮೂರು ಬೈಟು, ಮೊದಲನೆಯದು 224. ಎವಿಆರ್ ಜಿಸಿಸಿಯಲ್ಲಿ ಚಾರ್ ಎಂದರೆ ಮೈನಸ್ ಇರುವಂಥದ್ದು, 224 ಅಲ್ಲಿ −32 ಆಗುತ್ತದೆ, ಅಕ್ಷರ > 127 ಎಂಬ ಶರತ್ತು ಎಂದೂ ನಿಜವಾಗುವುದಿಲ್ಲ. ಬ್ಲೂ ಪಿಲ್‌ನಲ್ಲಿರುವಂಥ ಆರ್ಮ್ ಚಿಪ್ಪಿನಲ್ಲಿ ಚಾರ್ ಮೈನಸ್ ಇಲ್ಲದ್ದು, ಅಲ್ಲಿ ಓಡುತ್ತದೆ. ಬೈಟ್‌ಗಳನ್ನು ಯುಇಂಟ್8ರಲ್ಲಿ ಇಡಿ. ಚಾರ್ ಇರುವುದು ಅಕ್ಷರಕ್ಕೆ, ಲೆಕ್ಕಕ್ಕಲ್ಲ.

ಕಾಲೇಜ್ ಲ್ಯಾಬಿನ್ಯಾಗ 8051 ಐತಿ. ಈ ನಿಯಮಾ ಅಲ್ಲೂ ನಡಿತಾವೇನ್ರಿ?

8051 ಚಿಪ್ಪಿನ ಕಂಪೈಲರ್ ಆದ ಕೈಲ್ ಸಿ51ರಲ್ಲೂ ಇಂಟ್ 16 ಬಿಟ್, ಹಾಗಾಗಿ ಊನೊಗೆ ಹೇಳಿದ್ದು ಬಹುಪಾಲು ನಡೆಯುತ್ತದೆ. ಒಂದೇ ಎಚ್ಚರ: ನೋಇಂಟ್‌ಪ್ರಮೋಟ್ ಎಂಬ ಆಯ್ಕೆ ಹಾಕಿದ್ದರೆ ಆ ಕಂಪೈಲರ್ ಬಡ್ತಿ ಕೊಡುವುದನ್ನೇ ಬಿಟ್ಟುಬಿಡುತ್ತದೆ. ಎರಡು ಬೈಟು ಕೂಡಿಸಿದರೆ ಉತ್ತರ ಬೈಟಿನಲ್ಲೇ. ಹಳೆಯ ಪ್ರಾಜೆಕ್ಟ್ ಫೈಲು ನಕಲು ಮಾಡಿದವರು ಆ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಲ್ಯಾಪ್‌ಟಾಪ್‌ದಾಗ ಟೆಸ್ಟ್ ಮಾಡಿದ್ರ ಸಾಕಲ್ಲ?

ಕಂಪೈಲರಿನ ಅನ್‌ಡಿಫೈನ್ಡ್ ಸ್ಯಾನಿಟೈಜರ್ ಎಂಬ ತಪಾಸಣೆಯ ಆಯ್ಕೆ ಹಾಕಿ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಓವರ್‌ಫ್ಲೋ ಎಲ್ಲಿ ಆಯಿತೆಂದು ಸಾಲು ಹಿಡಿದು ಹೇಳುತ್ತದೆ, ಖಂಡಿತ ಬಳಸಿ. ಆದರೆ ಅಲ್ಲಿ ಇಂಟ್ 32 ಬಿಟ್. 60 * 1000 ಅಲ್ಲಿ ಅರವತ್ತು ಸಾವಿರವೇ, ಸದ್ದಿಲ್ಲದೆ ಪಾಸಾಗುತ್ತದೆ. ನನ್ನ ಪದ್ಧತಿ: ಹೊಸ ಕೋಡಿನಲ್ಲಿ ಬರೀ ಇಂಟ್ ಎಂದು ಬರೆಯುವುದನ್ನೇ ಬಿಟ್ಟಿದ್ದೇನೆ, ಇಂಟ್16 ಅಥವಾ ಇಂಟ್32 ಎಂದು ಅಗಲ ಹೇಳಿಯೇ ಬರೆಯುತ್ತೇನೆ. ಇದರಿಂದ ಬಡ್ತಿಯ ಕಾಟ ತಪ್ಪುವುದಿಲ್ಲ, ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಅಷ್ಟೇ ಲಾಭ. ಪರೀಕ್ಷೆಗೆ ಸುಲಭದ ಅಂಕಿ ಬಿಟ್ಟು 127, 128, 255, 256, 32767, 32768, 65535 ಇವನ್ನು ಕೊಡಿ. ಬಕೆಟ್ಟಿನ ನೀರಿನಲ್ಲಿ ಆಲಮಟ್ಟಿ ಕಾಣುವುದಿಲ್ಲ.

ಆದ್ರೂ ಖರೇನ ಕಂಪೈಲರ್ ತಪ್ಪ ಇರಬಹುದಲ್ರಿ?

ಇರಬಹುದು. ಕಂಪೈಲರನ್ನೂ ಮನುಷ್ಯರೇ ಬರೆದದ್ದು. ಕೋಡನ್ನು ಇಪ್ಪತ್ತು ಸಾಲಿಗೆ ಇಳಿಸಿ ತನ್ನಿ, ವಾರ್ನಿಂಗ್ ಎಲ್ಲ ಚಾಲೂ ಮಾಡಿ ತನ್ನಿ, ಕೂತು ಅಸೆಂಬ್ಲಿ ನೋಡೋಣ. ಬೆಳಗಾವಿಯ ಉದ್ಯಮಬಾಗದಿಂದ ಒಬ್ಬರು ಹೈಡ್ರಾಲಿಕ್ ಪ್ರೆಸ್ಸಿನ ಟೈಮರ್ ಹಿಡಿದು ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದರು, ಈ ಸಲ ನೂರಕ್ಕೆ ನೂರು ಕಂಪೈಲರಿನದೇ ತಪ್ಪು ಎಂದು ಪಣ ತೊಟ್ಟು. ನಮ್ಮ ಹುಡುಗ ಚಹಾ ತರುವಷ್ಟರಲ್ಲಿ ಅವರೇ ಕೋಡು ಕತ್ತರಿಸುತ್ತ ಕತ್ತರಿಸುತ್ತ ಹದಿನೆಂಟು ಸಾಲಿಗೆ ತಂದರು, ಆಮೇಲೆ ಸುಮ್ಮನಾದರು. ನಾಲ್ಕನೆಯ ಸಾಲಿನಲ್ಲಿ 40 * 1000 ಇತ್ತು.